ಇನ್ನೊಂದು ವರ್ಷ ಕೂರಿಸುವ ಮುನ್ನ

ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ ಫಲಿತಾಂಶ ಬಂದ ವಾರದಲ್ಲಿ ನಮ್ಮಂಥ ಪ್ಲಸ್ ಟು ಶಿಕ್ಷಕರಿಗೆ ಬರುವ ಫೋನುಗಳಲ್ಲಿ ಹೆಚ್ಚಿನವುಗಳ ಪ್ರಶ್ನೆ ಒಂದೇ: "ಟೀಚರ್, ಮಗಳನ್ನು ಇನ್ನೊಂದು ವರ್ಷ ಕೂರಿಸುವುದಾ?" ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ, ಪೆರ್ಲದಿಂದ, ಮುಳ್ಳೇರಿಯದಿಂದ, ಕುಂಬಳೆಯಿಂದ ಫೋನು ಮಾಡುವ ತಂದೆತಾಯಿಯರು ಮೊದಲು ಅಂಕ ಹೇಳುತ್ತಾರೆ, ಆಮೇಲೆ ರ್‍ಯಾಂಕ್ ಹೇಳುತ್ತಾರೆ, ಕೊನೆಗೆ ನೆರೆಮನೆಯವರ ಮಗುವಿನ ಅಂಕವನ್ನೂ ಹೇಳುತ್ತಾರೆ. ಈ ಮೂರನ್ನೂ ಕೇಳಿದ ಮೇಲೂ ನನಗೆ ಉತ್ತರ ಕೊಡಲು ಬರುವುದಿಲ್ಲ. ಮಗು ಆ ದಿನ ಯಾವ ಪ್ರಶ್ನೆಯನ್ನು ಹೇಗೆ ತಪ್ಪಿತು ಎಂಬುದು ಈ ಮೂರರಲ್ಲಿ ಯಾವುದರಿಂದಲೂ ತಿಳಿಯುವುದಿಲ್ಲ. ಅದು ತಿಳಿಯದೆ ಇನ್ನೊಂದು ವರ್ಷದ ಮಾತು ಎತ್ತುವುದೇ ಸರಿಯಲ್ಲ ಎಂಬುದು, ಸಸ್ಯಶಾಸ್ತ್ರ ಕಲಿಸುತ್ತ ಇಷ್ಟು ಕಾಲ ಈ ಮಕ್ಕಳ ಜೊತೆ ಕುಳಿತ ನನ್ನ ಖಚಿತ ಅಭಿಪ್ರಾಯ.

ಅಂಕವನ್ನು ನಂಬಬಾರದು ಎನ್ನುವುದಕ್ಕೆ 2024 ಮತ್ತು 2025ಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾಗಿಲ್ಲ. 2024ರ ಮೇ 5ರಂದು ನಡೆದ ಪರೀಕ್ಷೆಯ ಫಲಿತಾಂಶ ಜೂನ್ 4ರಂದು ಬಂದಾಗ 67 ಮಂದಿಗೆ 720ಕ್ಕೆ 720 ಅಂಕಗಳಿದ್ದವು. ಪ್ರಶ್ನೆಪತ್ರಿಕೆ ಸೋರಿಕೆಯ ಆರೋಪ, 1563 ಮಂದಿಗೆ ಕೊಟ್ಟಿದ್ದ ಕೃಪಾಂಕದ ರದ್ದು, ಅವರಿಗೆ ಮರುಪರೀಕ್ಷೆ, ಸುಪ್ರೀಂ ಕೋರ್ಟಿನ ವಿಚಾರಣೆ ಎಲ್ಲ ಮುಗಿದು ಪರಿಷ್ಕೃತ ಪಟ್ಟಿ ಹೊರಬಿದ್ದಾಗ ಪೂರ್ಣ ಅಂಕದವರು 17 ಮಂದಿ ಉಳಿದರು. ಮರುವರ್ಷ ಭೌತಶಾಸ್ತ್ರದ ಪತ್ರಿಕೆ ಎಷ್ಟು ಕಠಿಣವಾಗಿತ್ತೆಂದರೆ ಇಡೀ ದೇಶದ ಅತ್ಯುನ್ನತ ಅಂಕವೇ 686. ಒಂದು ವರ್ಷ ಆರುನೂರು ದಾಟಿಯೂ ಸರ್ಕಾರಿ ಸೀಟು ಸಿಗದೆ ಮಕ್ಕಳು ಅತ್ತರು. ಮರುವರ್ಷ ಆರುನೂರು ದಾಟಿದವರು ಇಡೀ ದೇಶದಲ್ಲಿ ಎರಡು ಸಾವಿರ ಮಂದಿಯೂ ಇರಲಿಲ್ಲ. ಹೀಗಿರುವಾಗ ಹಿಂದಿನ ವರ್ಷದ ಕಟಾಫ್ ಪಟ್ಟಿಯನ್ನು ಗೋಡೆಗೆ ಅಂಟಿಸಿ, "ಇನ್ನು ನೂರು ಅಂಕ ಜಾಸ್ತಿ ಬೇಕು" ಎಂದು ಮಗುವಿನ ಮುಂದೆ ಗುರಿ ಇಡುವುದರಲ್ಲಿ ಅರ್ಥವೇನಿದೆ?

ನನ್ನ ಅಣ್ಣನ ಮಗಳು ಬರೆದದ್ದು ಈ ಎರಡು ವರ್ಷಗಳಲ್ಲೇ. ಮೊದಲ ಸಲ ಅವಳಿಗೆ 548 ಬಂತು, ರ್‍ಯಾಂಕ್ ಲಕ್ಷದಾಚೆ ಹೋಯಿತು. ಎರಡನೆಯ ಸಲ 541 ಬಂತು, ಏಳು ಅಂಕ ಕಡಿಮೆ. ಆದರೆ ಅದೇ 541ಕ್ಕೆ ಕೇರಳದ ಒಂದು ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅಂಕ ಬಂದ ಸಂಜೆ ಮನೆಯಲ್ಲಿ ಯಾರಿಗೂ ಸಂತೋಷವಿರಲಿಲ್ಲ. ಒಂದು ವರ್ಷ ಓದಿಯೂ ಹಿಂದೆ ಬಿದ್ದಳು ಎಂದೇ ಅಣ್ಣ ತಿಳಿದಿದ್ದ. ರ್‍ಯಾಂಕ್ ನೋಡಿ ಅರ್ಥ ಮಾಡಿಕೊಳ್ಳಲು ಅವನಿಗೆ ಸಾಕಷ್ಟು ಹೊತ್ತು ಬೇಕಾಯಿತು. ಅವಳಿಗೆ ಸೀಟು ಸಿಕ್ಕಿತೆಂದು ಹೇಳುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ಮೊದಲ ಫಲಿತಾಂಶದ ಬಳಿಕ ನಾವು ಮಾಡಿದ ಒಂದು ಕೆಲಸವನ್ನು ಬೇರೆ ಮನೆಯವರೂ ಮಾಡಬಹುದು ಎನಿಸಿದ್ದರಿಂದ ಬರೆಯುತ್ತಿದ್ದೇನೆ.

ಫಲಿತಾಂಶಕ್ಕೆ ಮೊದಲು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ತಾತ್ಕಾಲಿಕ ಕೀ ಉತ್ತರಗಳನ್ನೂ, ಪ್ರತಿ ಅಭ್ಯರ್ಥಿ ವೃತ್ತ ತುಂಬಿ ಉತ್ತರ ಗುರುತಿಸಿದ ಓಎಂಆರ್ ಹಾಳೆಯ ಸ್ಕ್ಯಾನ್ ಪ್ರತಿಯನ್ನೂ ವೆಬ್‌ಸೈಟಿನಲ್ಲಿ ತೆರೆದಿಡುತ್ತದೆ. ಅದು ತೆರೆದಿರುವುದು ಕೆಲವೇ ದಿನ, ಆಗಲೇ ಇಳಿಸಿಕೊಳ್ಳಬೇಕು. ಪ್ರಶ್ನೆಪತ್ರಿಕೆಯಂತೂ ಮಕ್ಕಳ ಕೈಯಲ್ಲೇ ಮನೆಗೆ ಬಂದಿರುತ್ತದೆ. ಈ ಮೂರನ್ನೂ ಜಗಲಿಯ ಮೇಜಿನ ಮೇಲೆ ಹರಡಿಕೊಂಡು ಅವಳೂ ನಾನೂ ಕುಳಿತೆವು. ಪ್ರತಿ ತಪ್ಪಿನ ಪಕ್ಕದಲ್ಲಿ ಕಾರಣವನ್ನು ಅವಳೇ ಬರೆಯಬೇಕು, ನಾನು ಬಾಯಿ ಹಾಕಬಾರದು ಎಂದು ಮೊದಲೇ ಒಪ್ಪಂದವಾಗಿತ್ತು. ಉತ್ತರಿಸಬೇಕಾಗಿದ್ದ 180 ಪ್ರಶ್ನೆಗಳಲ್ಲಿ ಅವಳು ಬಿಟ್ಟದ್ದು ಮೂರೇ ಮೂರು. 145 ಸರಿ, 32 ತಪ್ಪು. ಸರಿಯಾದ ಉತ್ತರಕ್ಕೆ ನಾಲ್ಕು, ತಪ್ಪಿದರೆ ಒಂದು ಕಳೆಯುವ ಈ ಪರೀಕ್ಷೆಯಲ್ಲಿ 580ರಿಂದ 32 ಕಳೆದರೆ 548. ಇಷ್ಟು ಎಲ್ಲರಿಗೂ ಗೊತ್ತಿರುವ ಲೆಕ್ಕ. ಗೊತ್ತಿಲ್ಲದ್ದು ಆ 32ರ ಒಳಗಿತ್ತು.

ಅವುಗಳಲ್ಲಿ ಹದಿನೇಳು ಬರೀ ಊಹೆ. ಒಟ್ಟು ಇಪ್ಪತ್ತೊಂದು ಪ್ರಶ್ನೆಗಳಿಗೆ ಅವಳು ಗುಂಡುಹೊಡೆದಿದ್ದಳು. ನಾಲ್ಕು ಸರಿಯಾಗಿ ಹದಿನಾರು ಅಂಕ ಬಂದಿತ್ತು, ಹದಿನೇಳು ತಪ್ಪಾಗಿ ಹದಿನೇಳು ಅಂಕ ಹೋಗಿತ್ತು. ಕಣ್ಣುಮುಚ್ಚಿ ನಾಲ್ಕು ಪ್ರಶ್ನೆಗಳಿಗೆ ಗುರುತು ಹಾಕಿ ಅವುಗಳಲ್ಲೊಂದು ಸರಿಯಾದರೆ ಒಂದು ಅಂಕ ಮಿಗುತ್ತದೆ ಎಂಬುದು ಗಣಿತಕ್ಕೆ ಸರಿ, ಹಾಗಾಗಿ ಊಹಿಸಲೇಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಆ ಇಪ್ಪತ್ತೊಂದು ಪ್ರಶ್ನೆಗಳ ಮುಂದೆ ಅವಳು ಕಳೆದ ಹೊತ್ತಿಗೆ ಲೆಕ್ಕವಿಲ್ಲವಲ್ಲ, ಆ ಹೊತ್ತು ಬೇರೆ ಕಡೆ ಬೇಕಾಗಿತ್ತು. ಇನ್ನು ಒಂಬತ್ತು ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ಲೆಕ್ಕಗಳು: ಸೂತ್ರ ಸರಿ, ಕೈಲೆಕ್ಕ ತಪ್ಪು, ಹತ್ತರ ಘಾತ ಬಿಟ್ಟುಹೋದದ್ದು, ಸೆಂಟಿಮೀಟರನ್ನು ಮೀಟರಿಗೆ ಬದಲಿಸದೆ ಇದ್ದದ್ದು. ಉಳಿದ ಆರು ನನ್ನದೇ ವಿಷಯದವು, ಜೀವಶಾಸ್ತ್ರ. ಆರಕ್ಕೆ ಆರೂ ಅವಳಿಗೆ ಗೊತ್ತಿದ್ದವು. "ಕೆಳಗಿನವುಗಳಲ್ಲಿ ತಪ್ಪಾದ ಹೇಳಿಕೆ ಯಾವುದು" ಎಂಬ ಇಂಗ್ಲಿಷ್ ಪ್ರಶ್ನೆಯನ್ನು ಸರಿಯಾದ ಹೇಳಿಕೆ ಯಾವುದು ಎಂದು ಓದಿಕೊಂಡು, ಮೊದಲು ಕಂಡ ಸರಿಯಾದ ಹೇಳಿಕೆಗೆ ಗುರುತು ಹಾಕಿ ಮುಂದೆ ಹೋಗಿದ್ದಳು. ಆ ಆರರ ಎದುರಿಗೆ ಅವಳು ತುಂಬ ಹೊತ್ತು ಏನೂ ಬರೆಯಲಿಲ್ಲ. ಆಮೇಲೆ "ಎಂತ ಬರೆಯುವುದು ಅತ್ತೆ ಇದಕ್ಕೆ? ಗೊತ್ತಿತ್ತಲ್ಲ" ಎಂದಳು.

ಆರು ಪ್ರಶ್ನೆ ಎಂದರೆ ಮೂವತ್ತು ಅಂಕ. ಬರಬೇಕಾದ ನಾಲ್ಕು ಬಾರದೆ, ಇದ್ದದ್ದರಲ್ಲಿ ಒಂದು ಹೋಗುವುದರಿಂದ ಪ್ರತಿ ತಪ್ಪಿನ ಬೆಲೆ ಐದು. ಲೆಕ್ಕ ತಪ್ಪಿದ ಒಂಬತ್ತೂ ಸರಿಯಾಗಿದ್ದರೆ ಇನ್ನೂ ನಲವತ್ತೈದು. ಎಲ್ಲ ಸೇರಿಸಿದರೂ ಆ ವರ್ಷದ ಲೆಕ್ಕದಲ್ಲಿ ಸೀಟಿಗೆ ಸಾಲುತ್ತಿರಲಿಲ್ಲ, ಅದನ್ನೂ ಅವಳಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಊಹೆಯ ಹದಿನೇಳರಲ್ಲಿ ಹೆಚ್ಚಿನವು ಭೌತಶಾಸ್ತ್ರದ ನಾಲ್ಕೈದು ಅಧ್ಯಾಯಗಳಿಗೆ ಸೇರಿದ್ದವು, ಆ ಅಧ್ಯಾಯಗಳನ್ನು ಅವಳು ಪ್ಲಸ್ ಒನ್ನಿನಲ್ಲಿ ಅರ್ಧಂಬರ್ಧ ಕಲಿತಿದ್ದಳು. ಹೀಗೆ ಆ ಹಾಳೆಯಿಂದ ನಮಗೆ ಮೂರು ಬೇರೆ ಬೇರೆ ಕೆಲಸಗಳು ಸಿಕ್ಕಿದವು, ಮೂರೂ ಒಂದು ವರ್ಷದಲ್ಲಿ ಮುಗಿಯಬಲ್ಲವು ಎನ್ನಿಸಿತು. ಅದಕ್ಕಾಗಿ ಮತ್ತೆ ಕೂರುವುದು ಸರಿ ಎಂದು ನಿರ್ಧರಿಸಿದೆವು.

ಅದೇ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆಗಲೇ ಎರಡು ಸಲ ಬರೆದು, ಮೂರನೆಯದಕ್ಕೆ ಹೊರಟಿದ್ದ. ಅವನ ಎರಡೂ ವರ್ಷಗಳ ಹಾಳೆ ತರಿಸಿ ನೋಡಿದಾಗ ಎರಡರಲ್ಲೂ ಅದೇ ಅಧ್ಯಾಯಗಳು ಖಾಲಿ. ಯಂತ್ರಶಾಸ್ತ್ರ ಖಾಲಿ, ವಿದ್ಯುತ್ಕಾಂತ ಖಾಲಿ, ಭೌತ ರಸಾಯನ ಖಾಲಿ. ಸಸ್ಯ ಮತ್ತು ಪ್ರಾಣಿಶಾಸ್ತ್ರದಲ್ಲಿ ಮಾತ್ರ ಹುಡುಗ ಬಲು ಗಟ್ಟಿ. ಲೆಕ್ಕ ಎಂದರೆ ಅವನಿಗೆ ಆಗುವುದಿಲ್ಲ, ಆಗಬೇಕೆಂಬ ಹಟವೂ ಇಲ್ಲ. ನೀಟ್ ಬರೆಯಲು ಈಗ ವಯಸ್ಸಿನ ಮೇಲ್ಮಿತಿಯಿಲ್ಲ, ಎಷ್ಟು ಸಲ ಬರೆಯಬಹುದೆಂಬ ಮಿತಿಯೂ ಇಲ್ಲ. ಬಾಗಿಲು ತೆರೆದೇ ಇರುವುದರಿಂದ ಮನೆಯವರಿಗೆ ನಿಲ್ಲಿಸುವುದು ಕಷ್ಟವಾಗುತ್ತದೆ. ಕೇರಳದಲ್ಲಿ ಕೃಷಿ, ಅರಣ್ಯ, ಮೀನುಗಾರಿಕೆ, ಪಶುವೈದ್ಯ ಕೋರ್ಸುಗಳಿಗೂ ನೀಟ್ ಅಂಕದ ಆಧಾರದಲ್ಲೇ ಸೀಟು ಹಂಚುತ್ತಾರೆ ಎಂಬುದು ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಅವನಿಗೆ ಪಡನ್ನಕ್ಕಾಡಿನ ಕೃಷಿ ಕಾಲೇಜಿನಲ್ಲಿ ಸೀಟು ಬಂತು. ಅಡಿಕೆ ತೋಟದ ನಡುವೆ ಬೆಳೆದ ಹುಡುಗ. ಈಗ ಎಲೆಚುಕ್ಕಿ ರೋಗದ ಬಗ್ಗೆ ಅವನು ಮಾತಾಡುವುದನ್ನು ಕೇಳಿದರೆ, ಮೂರನೆಯ ವರ್ಷವನ್ನು ಅವನು ಮುಚ್ಚಿದ ಕೋಣೆಯಲ್ಲಿ ಕಳೆಯದೆ ಇದ್ದದ್ದು ಎಷ್ಟು ಒಳ್ಳೆಯದಾಯಿತು ಎನ್ನಿಸುತ್ತದೆ.

ಕಾಸರಗೋಡಿನ ಕನ್ನಡದ ಮಕ್ಕಳ ವಿಷಯದಲ್ಲಿ ಮಾತ್ರ ಇನ್ನೊಂದು ಸಂಗತಿಯನ್ನು ಗಮನಕ್ಕೆ ತಂದುಕೊಳ್ಳದೆ ಯಾವ ತೀರ್ಮಾನಕ್ಕೂ ಬರಬಾರದು. ಎಸ್ಸೆಸ್ಸೆಲ್ಸಿಯವರೆಗೆ ಈ ಮಕ್ಕಳು ವಿಜ್ಞಾನವನ್ನು ಕನ್ನಡದಲ್ಲಿ ಓದುತ್ತಾರೆ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರು ಬಂದು ನಿಲ್ಲುವ ತೊಂದರೆ ಇಲ್ಲಿ ಹೊಸದಲ್ಲ. ಅದರ ವಿರುದ್ಧ ಮಕ್ಕಳೂ ಪೋಷಕರೂ ಮತ್ತೆ ಮತ್ತೆ ಪ್ರತಿಭಟಿಸುತ್ತಲೇ ಬಂದಿದ್ದಾರೆ. ಪ್ಲಸ್ ಒನ್ನಿಗೆ ಬಂದ ಕೂಡಲೇ ಕೈಗೆ ಬರುವುದು ಇಂಗ್ಲಿಷಿನ ಎನ್‌ಸಿಇಆರ್‌ಟಿ ಪುಸ್ತಕ, ತರಗತಿಯಲ್ಲಿ ಕೇಳುವುದು ಬಹುಮಟ್ಟಿಗೆ ಮಲಯಾಳಂ. ಕೋಚಿಂಗಿಗೆಂದು ತೃಶ್ಶೂರಿನ ಕಡೆ ಹೋದರೆ ಅಲ್ಲಿಯೂ ಮಲಯಾಳಂ, ಮಂಗಳೂರಿನ ಕಡೆ ಹೋದರೆ ಕರ್ನಾಟಕದ ಪಿಯುಸಿ ಮಕ್ಕಳಿಗಾಗಿ ಹೊಂದಿಸಿದ ವೇಳಾಪಟ್ಟಿ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಮರಾಠಿಯೋ ಕೊಂಕಣಿಯೋ ಆಡಿಕೊಂಡು ಬೆಳೆದ ಮಗುವಿಗೆ ಪ್ಲಸ್ ಒನ್ನಿನ ಮೊದಲ ಆರು ತಿಂಗಳು ವಿಷಯ ಕಲಿಯುವುದಕ್ಕಿಂತ ವಿಷಯ ಯಾವುದೆಂದು ಗುರುತಿಸುವುದರಲ್ಲೇ ಹೋಗುತ್ತದೆ. ಪರೀಕ್ಷೆಯ ದಿನ ಒಂದು ಪ್ರಶ್ನೆಗೆ ಸಿಗುವುದು ಸರಾಸರಿ ಒಂದು ನಿಮಿಷ. ಆ ನಿಮಿಷದೊಳಗೆ ಉದ್ದನೆಯ ಇಂಗ್ಲಿಷ್ ಹೇಳಿಕೆಗಳನ್ನು ಓದಿ, "ಅಲ್ಲ" ಎಂಬ ಒಂದು ಪದ ಕಣ್ಣುತಪ್ಪದಂತೆ ನೋಡಿಕೊಳ್ಳುವ ಅಭ್ಯಾಸ ಹತ್ತು ವರ್ಷ ಇಂಗ್ಲಿಷಿನಲ್ಲೇ ಓದಿದವರಿಗೆ ಇರುವಷ್ಟು ಇವರಿಗೆ ಇರುವುದಿಲ್ಲ. ಅಣ್ಣನ ಮಗಳ ಆ ಆರು ಪ್ರಶ್ನೆಗಳು ಅಜಾಗ್ರತೆಯೆಂದು ಬೇರೆಯವರು ಹೇಳಿದರೆ ನಾನು ಒಪ್ಪುವುದಿಲ್ಲ. ಇಂಥ ಮಕ್ಕಳ ಮೊದಲ ಪ್ರಯತ್ನವನ್ನು ಅವರ ಬುದ್ಧಿಯ ಅಳತೆಯೆಂದು ತಿಳಿಯುವುದು ಅವರಿಗೆ ಮಾಡುವ ದೊಡ್ಡ ಅನ್ಯಾಯ.

ಎರಡನೆಯ ವರ್ಷ ಮೊದಲನೆಯದರ ಹಾಗಿರಬಾರದು ಎಂಬುದೊಂದೇ ನಮ್ಮ ನಿಯಮವಾಗಿತ್ತು. ರಿಪೀಟರ್ಸ್ ಬ್ಯಾಚಿಗೆ ಸೇರಿದರೆ ಎಲ್ಲ ಅಧ್ಯಾಯಗಳನ್ನೂ ಮೊದಲಿನಿಂದ, ಎಲ್ಲರಿಗೂ ಒಂದೇ ವೇಗದಲ್ಲಿ ಮಾಡಿಸುತ್ತಾರೆ. ಚೆನ್ನಾಗಿ ಗೊತ್ತಿರುವುದನ್ನೇ ಮತ್ತೆ ಕೇಳುತ್ತ ಕುಳಿತ ಮಗುವಿಗೆ ತಾನು ಓದುತ್ತಿದ್ದೇನೆ ಎಂಬ ತೃಪ್ತಿ ಸಿಗುತ್ತದೆ, ಖಾಲಿಯಿದ್ದ ಅಧ್ಯಾಯ ಮಾತ್ರ ಖಾಲಿಯೇ ಉಳಿಯುತ್ತದೆ. ಅವಳು ಭೌತಶಾಸ್ತ್ರಕ್ಕೆ ಮಾತ್ರ ಒಬ್ಬರು ನಿವೃತ್ತ ಅಧ್ಯಾಪಕರ ಹತ್ತಿರ ಹೋಗುತ್ತಿದ್ದಳು. ಅವರು ಸೂತ್ರ ಕೇಳುತ್ತಲೇ ಇರಲಿಲ್ಲ. ದಿನಕ್ಕೆ ಇಂತಿಷ್ಟು ಲೆಕ್ಕ, ಕ್ಯಾಲ್ಕ್ಯುಲೇಟರ್ ಇಲ್ಲದೆ, ಹತ್ತರ ಘಾತವನ್ನು ಪ್ರತಿ ಸಾಲಿನಲ್ಲೂ ಬರೆದು, ಕೊನೆಗೆ ಮಾನವನ್ನೂ ಬರೆದು ತೋರಿಸಬೇಕು. ರಸಾಯನಶಾಸ್ತ್ರವನ್ನು ಹಳೆಯ ಪ್ರಶ್ನೆಪತ್ರಿಕೆಗಳಿಂದ ತಾನೇ ಮಾಡಿಕೊಂಡಳು. ನನ್ನ ಪಾಲಿಗೆ ಬಂದದ್ದು ಆ ಇಂಗ್ಲಿಷ್ ಹೇಳಿಕೆಗಳು. ಎನ್‌ಸಿಇಆರ್‌ಟಿ ಪುಸ್ತಕದ ಒಂದು ಪ್ಯಾರಾ ತೆಗೆದು, ಅದರಿಂದ ಐದು ಹೇಳಿಕೆ ಮಾಡಿ, ಎರಡನ್ನು ಕೆಡಿಸಿ ಅವಳ ಮುಂದಿಡುತ್ತಿದ್ದೆ. ಉತ್ತರ ಹೇಳುವುದಕ್ಕೆ ಮೊದಲು ಪ್ರಶ್ನೆ ಏನು ಕೇಳುತ್ತಿದೆ ಎಂದು ಅವಳು ಬೆರಳಿಟ್ಟು ತೋರಿಸಬೇಕಿತ್ತು. ಮೊದಮೊದಲು ಅವಳಿಗೆ ಇದು ಚಿಕ್ಕಮಕ್ಕಳ ಪಾಠದಂತೆ ಕಂಡು ಬೇಸರ ಬರುತ್ತಿತ್ತು, ದೀಪಾವಳಿಯ ಹೊತ್ತಿಗೆ ಬೆರಳು ತಾನಾಗಿ ಆ ಪದದ ಮೇಲೆ ಹೋಗತೊಡಗಿತು.

ಭಾನುವಾರದ ಅಣಕು ಪರೀಕ್ಷೆಗಳನ್ನು ಬೆಳಿಗ್ಗೆ ಮಾಡಿಸುವ ಪದ್ಧತಿ ಎಲ್ಲ ಕಡೆ ಇದೆ. ನಿಜವಾದ ಪರೀಕ್ಷೆ ಶುರುವಾಗುವುದು ಮಧ್ಯಾಹ್ನ ಎರಡಕ್ಕೆ, ಅದೂ ಮೇ ತಿಂಗಳಲ್ಲಿ. ಕರಾವಳಿಯ ಆ ಸೆಕೆಯಲ್ಲಿ, ಕುಚ್ಚಲಕ್ಕಿ ಅನ್ನ ಉಂಡ ಮೇಲೆ ಎರಡರಿಂದ ಐದರವರೆಗೆ ಕಣ್ಣೆಳೆಯದೆ ಕೂರುವುದೂ ಒಂದು ಅಭ್ಯಾಸವೇ. ಅವಳು ಭಾನುವಾರಗಳಲ್ಲಿ ಹನ್ನೊಂದೂವರೆಗೆ ಗಂಜಿ ಉಂಡು, ಸರಿಯಾಗಿ ಎರಡಕ್ಕೆ ಓಎಂಆರ್ ಹಾಳೆಯ ಜೆರಾಕ್ಸ್ ಇಟ್ಟುಕೊಂಡು ಕಪ್ಪು ಬಾಲ್‌ಪೆನ್ನಿನಿಂದಲೇ ಬರೆಯುತ್ತಿದ್ದಳು. ವೃತ್ತ ತುಂಬಲು ಎಷ್ಟು ಹೊತ್ತು ಹೋಗುತ್ತದೆ ಎಂಬುದು ಮೊಬೈಲಿನಲ್ಲಿ ಅಣಕು ಪರೀಕ್ಷೆ ಬರೆಯುವ ಮಕ್ಕಳಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ಅಷ್ಟರಲ್ಲಿ 2025ರ ಜನವರಿ ಕೊನೆಯಲ್ಲಿ ಪರೀಕ್ಷೆಯ ಸ್ವರೂಪವೇ ಬದಲಾಯಿತು. ಹಿಂದಿನ ವರ್ಷಗಳಲ್ಲಿ 200 ಪ್ರಶ್ನೆಗಳಿದ್ದು 180ಕ್ಕೆ ಉತ್ತರಿಸಿದರೆ ಸಾಕಿತ್ತು, ಸಮಯ ಮೂರು ಗಂಟೆ ಇಪ್ಪತ್ತು ನಿಮಿಷ. ಈಗ ಆಯ್ಕೆ ಹೋಯಿತು, ಇಪ್ಪತ್ತು ನಿಮಿಷವೂ ಹೋಯಿತು. ಮತ್ತೆ ಬರೆಯುವವರಿಗೆ ಅನುಭವದ ಅನುಕೂಲವಿದೆ ಎನ್ನುವವರು ಈ ಬದಲಾವಣೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ವರ್ಷದ ಭೌತಶಾಸ್ತ್ರ ಪತ್ರಿಕೆಯನ್ನು ಕಂಡು ಅವಳು 26 ಪ್ರಶ್ನೆಗಳನ್ನು ಮುಟ್ಟದೆ ಬಿಟ್ಟಳು. ತಪ್ಪಿದ್ದು 15 ಮಾತ್ರ. ಮೂರನ್ನಷ್ಟೇ ಬಿಟ್ಟಿದ್ದ ಹುಡುಗಿ ಇಪ್ಪತ್ತಾರನ್ನು ಬಿಡುವ ಧೈರ್ಯ ಮಾಡಿದ್ದೇ ಆ ವರ್ಷದ ಅತಿ ದೊಡ್ಡ ಕಲಿಕೆ ಎಂದು ನಾನು ತಿಳಿದಿದ್ದೇನೆ.

ಓದಿನ ಮಾತು ಇಷ್ಟಾಯಿತು. ಆ ವರ್ಷ ಮನೆಯೊಳಗೆ ಹೇಗೆ ಕಳೆಯುತ್ತದೆ ಎಂಬುದು ಇನ್ನೂ ಕಷ್ಟದ ಮಾತು. ಜೊತೆಯವರೆಲ್ಲ ಕಾಲೇಜಿಗೆ ಹೋದ ಮೇಲೆ ಮಗುವಿಗೆ ಹೇಳಿಕೊಳ್ಳಲು ಒಂದು ಹೆಸರಿರುವುದಿಲ್ಲ. ಅವಳು ಯಾವ ಕಾಲೇಜಿನವಳೂ ಅಲ್ಲ, ಯಾವ ತರಗತಿಯವಳೂ ಅಲ್ಲ. ಮದುವೆಮನೆಯ ಊಟದ ಪಂಕ್ತಿಯಲ್ಲಿ, ಜಾತ್ರೆಯಲ್ಲಿ, ಬಸ್ಸಿನಲ್ಲಿ ಸಿಕ್ಕವರೆಲ್ಲ "ಈಗ ಎಂತ ಮಾಡುವುದು?" ಎಂದು ಪ್ರೀತಿಯಿಂದಲೇ ಕೇಳುತ್ತಾರೆ. ಅತ್ತಿಗೆ ಅವಳನ್ನು ಯಾವ ಸಮಾರಂಭಕ್ಕೂ ಒತ್ತಾಯಿಸಲಿಲ್ಲ, ಬೇಡವೆಂದು ತಡೆಯಲೂ ಇಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಅವಳು ಸಂಜೆ ಒಂದಷ್ಟು ಹೊತ್ತು ಅಂಗಳದಲ್ಲಿ ಎಲ್ಲರ ಜೊತೆ ಕೂರುತ್ತಿದ್ದಳು. ಓದುವ ಹುಡುಗಿಗೆ ಈ ಕೆಲಸ ಯಾಕೆ ಎಂದು ಯಾರೂ ಅನ್ನಲಿಲ್ಲ. ಮಕ್ಕಳನ್ನು ಇಡೀ ವರ್ಷ ಮನೆಯ ಎಲ್ಲ ಕೆಲಸಗಳಿಂದ ಬಿಡಿಸಿ ಕೋಣೆಯಲ್ಲಿ ಕೂರಿಸಿದರೆ, ಎಲ್ಲರೂ ತನ್ನ ಫಲಿತಾಂಶಕ್ಕಾಗಿಯೇ ಉಸಿರು ಹಿಡಿದಿದ್ದಾರೆ ಎಂಬ ಭಾರ ಅವರ ಮೇಲೆ ಕೂರುತ್ತದೆ. ನಿದ್ದೆ ಬಾರದ, ಊಟ ಸೇರದ, ಮಾತು ಬಿಟ್ಟ ಮಕ್ಕಳನ್ನು ನಾನು ಕಂಡಿದ್ದೇನೆ. ಅಂಥ ಸೂಚನೆ ಕಂಡ ದಿನವೇ ಪುಸ್ತಕ ಮುಚ್ಚಿಸಿ ವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಫೋನು ಮಾಡಬಹುದು. ಈ ಸಂಖ್ಯೆ ಮಗುವಿಗೂ ಗೊತ್ತಿರಲಿ.

ಇಷ್ಟು ಕಷ್ಟಪಟ್ಟು ವೈದ್ಯಳೇ ಯಾಕಾಗಬೇಕು ಎಂದು ಅವಳನ್ನು ನಾನೊಮ್ಮೆ ನೇರವಾಗಿಯೇ ಕೇಳಿದ್ದೆ. ಚೆರ್ಕಳ-ಕಲ್ಲಡ್ಕ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವವರಿಗೆಲ್ಲ ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜಿನ ಕಟ್ಟಡ ಗೊತ್ತು. 2013ರಲ್ಲಿ ಶಂಕುಸ್ಥಾಪನೆಯಾದ ಆ ಕಾಲೇಜಿಗೆ 50 ಎಂಬಿಬಿಎಸ್ ಸೀಟುಗಳ ಅನುಮತಿ ಸಿಕ್ಕಿದ್ದು 2025ರಲ್ಲಿ. ನಡುವೆ 2020ರ ಮಾರ್ಚಿನಲ್ಲಿ ಕೊರೋನಾ ಬಂದು ತಲಪಾಡಿಯ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ನಮ್ಮ ಜಿಲ್ಲೆಯವರಲ್ಲಿ ಕೆಲವರು ಆಸ್ಪತ್ರೆ ತಲುಪಲಾಗದೆ ತೀರಿಕೊಂಡರು. ನಮ್ಮ ತಂದೆಯವರ ಚಿಕಿತ್ಸೆಯೂ ಆಗ ವಾರಗಟ್ಟಲೆ ನಿಂತಿತು. ಏಪ್ರಿಲಿನಲ್ಲಿ ಉಕ್ಕಿನಡ್ಕದ ಆ ಕಟ್ಟಡವನ್ನೇ ಅವಸರದಿಂದ ಕೋವಿಡ್ ಆಸ್ಪತ್ರೆಯಾಗಿ ತೆರೆದಾಗ ವೈದ್ಯರ ತಂಡ ತಿರುವನಂತಪುರದಿಂದ ಬರಬೇಕಾಯಿತು. ಎಂಡೋಸಲ್ಫಾನ್ ಕೀಟನಾಶಕದ ಸಿಂಪಡಣೆಯಿಂದ ನರಳಿದ ಎಣ್ಮಕಜೆಯೂ ಇದೇ ಊರುಗಳ ಸಾಲಿನಲ್ಲಿದೆ. ಅಲ್ಲಿಯ ಕಾಯಿಲೆಗಳಲ್ಲಿ ಏನೋ ಅಸಹಜವಿದೆ ಎಂದು ಮೊದಲು ಗಮನಿಸಿ ಬರೆದವರು ವಾಣಿನಗರದಲ್ಲೇ ಚಿಕಿತ್ಸೆ ಕೊಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್. ರೋಗಿಗಳ ಮನೆ, ತೋಟ, ಭಾಷೆ ಎಲ್ಲವನ್ನೂ ಬಲ್ಲ ವೈದ್ಯರಿದ್ದದ್ದರಿಂದ ಅದು ಕಣ್ಣಿಗೆ ಬಿತ್ತು. ಅವಳು ಕೊಟ್ಟ ಉತ್ತರ ಚಿಕ್ಕದು: "ಅಜ್ಜನಿಗೆ ಎಲ್ಲಿ ನೋಯುತ್ತದೆ ಎಂದು ಕನ್ನಡದಲ್ಲಿ ಕೇಳುವವರು ಇಲ್ಲಿಯೇ ಇರಬೇಕಲ್ಲ ಅತ್ತೆ." ಆಮೇಲೆ ನಾನು ಮತ್ತೆ ಕೇಳಲಿಲ್ಲ.

ಸೀಟು ಹಂಚುವ ಕೌನ್ಸೆಲಿಂಗಿನ ಬಗ್ಗೆ ಎರಡೇ ಮಾತು. ಕೇರಳದ ಸೀಟಿಗೆ ನೀಟ್ ಬರೆದರಷ್ಟೇ ಸಾಲದು, ರಾಜ್ಯದ ವೃತ್ತಿಶಿಕ್ಷಣ ಪ್ರವೇಶಕ್ಕಿರುವ ಕೀಮ್ ಅರ್ಜಿಯನ್ನೂ ಸಮಯಕ್ಕೆ ಸರಿಯಾಗಿ ಹಾಕಿರಬೇಕು. ಕರ್ನಾಟಕದ ಸೀಟುಗಳಿಗೆ ಗಡಿನಾಡ ಕನ್ನಡಿಗರೆಂದು ಅರ್ಜಿ ಹಾಕುವವರಿಗೆ ಅಲ್ಲಿಯ ಪರೀಕ್ಷಾ ಪ್ರಾಧಿಕಾರ ಪ್ರತ್ಯೇಕ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ, ಅದರ ಪ್ರಕಟಣೆ ಬರುವುದು ನೀಟ್‌ನ ಗಡಿಬಿಡಿಯ ಕಾಲದಲ್ಲೇ ಆದ್ದರಿಂದ ಮನೆಯಲ್ಲಿ ಒಬ್ಬರು ಅದರ ಮೇಲೆ ಕಣ್ಣಿಟ್ಟಿರಬೇಕು.

ನೀಟ್ ಪ್ರಶ್ನೆಪತ್ರಿಕೆ ಈಗ ಹದಿಮೂರು ಭಾಷೆಗಳಲ್ಲಿದೆ, ಕನ್ನಡವೂ ಅವುಗಳಲ್ಲೊಂದು. ಕನ್ನಡ ಆರಿಸಿಕೊಂಡವರಿಗೆ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಪುಸ್ತಿಕೆ ಸಿಗುತ್ತದೆ. ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷೇ ಅಂತಿಮ. ತಪ್ಪಾದ ಹೇಳಿಕೆಯೋ ಸರಿಯಾದ ಹೇಳಿಕೆಯೋ ಎಂದು ಒಂದು ಕ್ಷಣ ಅನುಮಾನ ಬಂದಾಗ ಪಕ್ಕದ ಕನ್ನಡದ ಮೇಲೆ ಕಣ್ಣಾಡಿಸುವ ಅವಕಾಶ ಎಷ್ಟು ದೊಡ್ಡದೆಂದು ನಾನು ಬೇರೆ ಹೇಳಬೇಕಾಗಿಲ್ಲ. ಆದರೆ ನಿಯಮದಂತೆ ಕನ್ನಡದ ಪುಸ್ತಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡಿನಲ್ಲಿಯೇ ಕೇಂದ್ರವಿದ್ದರೂ ಇಲ್ಲಿಯ ಕನ್ನಡದ ಮಗು ಇಲ್ಲಿ ಕುಳಿತರೆ ಕನ್ನಡ ಸಿಗದು, ಕನ್ನಡ ಬೇಕಾದರೆ ಗಡಿ ದಾಟಿ ಹೋಗಬೇಕು. ಅಣ್ಣನ ಮಗಳು ಎರಡು ಸಲವೂ ಇಂಗ್ಲಿಷನ್ನೇ ಆರಿಸಿಕೊಂಡು ಇಲ್ಲಿಯೇ ಬರೆದಳು, ಪರೀಕ್ಷೆಯ ದಿನ ದೂರ ಹೋಗುವ ಆತಂಕ ಬೇಡವೆಂದು. ಮಂಗಳೂರಿಗೆ ಬರುವ ಪುಸ್ತಿಕೆಗಳಲ್ಲಿ ಒಂದು ಪೆಟ್ಟಿಗೆ ಇನ್ನೈವತ್ತು ಕಿಲೋಮೀಟರ್ ತೆಂಕಣಕ್ಕೆ ಬರಲು ಏನು ಅಡ್ಡಿ? ಕೇರಳದಲ್ಲಿ ಕನ್ನಡ ಭಾಷಾ ಅಲ್ಪಸಂಖ್ಯಾತರ ಶಾಲೆಗಳನ್ನು ಸರ್ಕಾರವೇ ನಡೆಸುತ್ತಿರುವಾಗ, ಆ ಶಾಲೆಗಳಿಂದ ಬಂದ ಮಕ್ಕಳಿಗೆ ಅವರ ಜಿಲ್ಲೆಯಲ್ಲೇ ಆ ಭಾಷೆಯ ಪತ್ರಿಕೆ ಸಿಗಬೇಕೆಂದು ಕೇಳುವುದು ಅತಿಯಾಸೆಯಲ್ಲ.

ನಾವು ಕೆಲವು ಶಿಕ್ಷಕರು ಸೇರಿ ಈ ಬಗ್ಗೆ ಮನವಿಯೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಮುಂದಿನ ನೀಟ್ ಅರ್ಜಿ ಶುರುವಾಗುವ ಮೊದಲೇ ಅದು ಹೋಗಬೇಕು. ಮಂಜೇಶ್ವರ, ಕಾಸರಗೋಡು, ಹೊಸದುರ್ಗ ತಾಲೂಕುಗಳ ಪ್ಲಸ್ ಟು ಶಾಲೆಗಳಲ್ಲಿ ಕನ್ನಡ ಮಾಧ್ಯಮದಿಂದ ಬಂದು ವಿಜ್ಞಾನ ಓದುತ್ತಿರುವ ಮಕ್ಕಳು ಎಷ್ಟಿದ್ದಾರೆ, ಅವರಲ್ಲಿ ಎಷ್ಟು ಮಂದಿ ಕನ್ನಡ ಪುಸ್ತಿಕೆ ಬಯಸುತ್ತಾರೆ ಎಂಬ ಲೆಕ್ಕ ಅದರ ಜೊತೆಗಿರಬೇಕು. ನಿಮ್ಮ ಶಾಲೆಯ ಲೆಕ್ಕವನ್ನು ತಯಾರು ಮಾಡಿಡಿ; ಮತ್ತೆ ಬರೆಯುತ್ತಿರುವ ಹಳೆಯ ವಿದ್ಯಾರ್ಥಿಗಳನ್ನೂ ಅದರಲ್ಲಿ ಸೇರಿಸಿ.